ಡೆವಲಪರ್ ಬೇಕಾಗಿದ್ದಾರೆ

ಹೊಳೆನರಸೀಪುರದ ಅರಕಲಗೂಡು ರಸ್ತೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ನಂಜುಂಡೇಶನ ಅಂಗಡಿಯಲ್ಲಿ ಗೋಡೆಯ ಕ್ಯಾಲೆಂಡರ್ ಒಂದನ್ನು ಬಿಟ್ಟರೆ ಕಾಗದವೆಂಬ ವಸ್ತುವೇ ಇರಲಿಲ್ಲ. ಯಾವ ತಪ್ಪಲೆ ಯಾವ ಊರಿಗೆ ಹೋಗಿದೆ, ಯಾರ ಮನೆ ಗೃಹಪ್ರವೇಶಕ್ಕೆ ಎಷ್ಟು ಕುರ್ಚಿ ಒಪ್ಪಿಕೊಂಡಿದ್ದೇನೆ, ಜಮಖಾನ ಒಗೆಯಲು ಹೋಗಿದೆಯೋ ಕಳೆದೇ ಹೋಗಿದೆಯೋ, ಎಲ್ಲವೂ ಅವನ ತಲೆಯಲ್ಲಿತ್ತು. ಯಾರಾದರೂ ಬರೆದಿಟ್ಟುಕೊಳ್ಳಯ್ಯ ಎಂದರೆ ಹಣೆಯನ್ನು ಬೆರಳಿನಿಂದ ತಟ್ಟಿ, "ಎಲ್ಲಾ ಇಲ್ಲೈತೆ ಬುಡಿ" ಎನ್ನುತ್ತಿದ್ದ. ಇತ್ತೇನೋ ನಿಜ. ಆದರೆ ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಇದ್ದ ಹಾಗೆ ಇತ್ತು. ಯಾರು ಯಾವ ಬಸ್ಸು ಹತ್ತುತ್ತಾರೆಂದು ಹೇಳಲು ಬರುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವನ ತಲೆಯಲ್ಲಿ ಎರಡು ಬಸ್ಸು ಅದಲುಬದಲಾದವು. ಚನ್ನರಾಯಪಟ್ಟಣದ ಒಂದು ಮದುವೆಗೆ ಹೋಗಬೇಕಾಗಿದ್ದ ಕಮಾನು ಊರೊಳಗಿನ ಕೋಟೆ ಬೀದಿಗೆ, ಶ್ರೀರಂಗಮ್ಮನವರ ಮನೆಗೆ ಹೋಯಿತು. ಶ್ರೀರಂಗಮ್ಮನವರ ಯಜಮಾನರು, ನಿವೃತ್ತ ಹೆಡ್‌ಮಾಸ್ತರು, ತೀರಿಕೊಂಡು ಅಂದು ವೈಕುಂಠ ಸಮಾರಾಧನೆ. ವೈದಿಕರು ಒಬ್ಬೊಬ್ಬರಾಗಿ ಬಂದು ನೋಡಿದರೆ ಬಾಗಿಲಲ್ಲಿ ಕೆಂಪು ಹಸಿರು ದೀಪಗಳು ಮಿಣುಕುತ್ತಿವೆ, ಮೇಲೆ "ನವ ವಧೂವರರಿಗೆ ಸುಸ್ವಾಗತ" ಎಂದು ಬರೆದಿದೆ. ಒಬ್ಬರು ಮನೆ ತಪ್ಪಿತೆಂದು ತಿಳಿದು ಮುಂದಿನ ಬೀದಿಗೆ ಹೋಗಿ ಹುಡುಕಾಡಿ ಬಂದರು. ಅತ್ತ ಚನ್ನರಾಯಪಟ್ಟಣದ ಮದುವೆ ಮನೆಯ ಮುಂದೆ ಅಚ್ಚ ಬಿಳಿಯ ಬಟ್ಟೆಯ ಚಪ್ಪರ ಎದ್ದು, ದಿಬ್ಬಣದವರು ಬಸ್ಸಿನಿಂದ ಇಳಿಯುವ ಮೊದಲೇ "ಯಾರು ಹೋದರು?" ಎಂದು ಮೆಲ್ಲಗೆ ವಿಚಾರಿಸಿದರಂತೆ.

ನಂಜುಂಡೇಶ ಓಡಿಬಂದು ಕೈಮುಗಿದು ನಿಂತ. ಶ್ರೀರಂಗಮ್ಮನವರು ಕಮಾನನ್ನು ಮೇಲಿಂದ ಕೆಳಗೆ ನೋಡಿದರು.

"ಅವರಿಗೆ ಹೋದ ಕಡೆ ಒಳ್ಳೆ ಸ್ವಾಗತ ಸಿಗಲಿ ಅಂತ ಹಾಕಿದ್ದೀಯೇನಪ್ಪ? ಇಲ್ಲ, ನನಗೇ ಇನ್ನೊಂದು ಸಂಬಂಧ ನೋಡಿದ್ದೀಯೋ?"

ಆಕೆ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈಯದೆ ಹೀಗೆ ಕೇಳಿದ್ದು ಅವನನ್ನು ಚುಚ್ಚಿತು. ಅವರ ಮೊಮ್ಮಗ ಪ್ರದ್ಯುಮ್ನ ಹಾಸನದಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟರು. ಅವನು ಕಮಾನು ಇಳಿಸಲು ಒಂದು ಕೈ ಹಿಡಿದು ಸಮಾಧಾನವಾಗಿ ಹೇಳಿದ: "ಎಷ್ಟು ದಿನ ಅಂತ ತಲೇಲಿ ಇಟ್ಕೋತೀರಿ ನಂಜುಂಡೇಶ್? ಸಾಫ್ಟ್‌ವೇರ್ ಮಾಡಿಸ್ಬಿಡಿ. ಒಬ್ಬ ಒಳ್ಳೆ ಡೆವಲಪರ್ ಹಿಡೀರಿ. ಹಾಗೇ ಒಂದು ಸೈಟೂ ಮಾಡಿಸಿ, ಪ್ರಪಂಚದಲ್ಲಿ ಯಾರು ಬೇಕಾದ್ರೂ ನೋಡ್ತಾರೆ. ಲೇಔಟ್ ಮಾತ್ರ ನೀಟಾಗಿರಲಿ. ಅನುಭವ ಇಲ್ಲದೋರ ಕೈಗೆ ಕೊಟ್ಟು ಕೆಡಬೇಡಿ."

ಕಂಪ್ಯೂಟರಿನವರ ಬಾಯಲ್ಲಿ ಡೆವಲಪರ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳಿಕೊಡುವವನು. ಸೈಟ್ ಎಂದರೆ ಇಂಟರ್‌ನೆಟ್ಟಿನಲ್ಲಿ ಕಾಣುವ ನಮ್ಮ ಅಂಗಡಿ. ಲೇಔಟ್ ಎಂದರೆ ಅದರ ಅಂದಚಂದ. ಇದಿಷ್ಟನ್ನೂ ನಂಜುಂಡೇಶ ಕೇಳಿ ತಿಳಿದುಕೊಂಡ. ಆದರೆ ಆ ವರ್ಷ ಹಾಸನ ಜಿಲ್ಲೆಯಲ್ಲಿ ಈ ಮೂರು ಮಾತಿಗೂ ಬೇರೆಯದೇ ಅರ್ಥ ಚಾಲ್ತಿಯಲ್ಲಿತ್ತು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಯಾವ ರಸ್ತೆಯಲ್ಲಿ ಹೋದರೂ ರಾಗಿ ಹೊಲದ ನಡುವೆ ಒಂದು ಹೆಬ್ಬಾಗಿಲು, ಅದರ ಹಿಂದೆ ಸಾಲಾಗಿ ನೆಟ್ಟ ಬಿಳಿಕಲ್ಲು, ಪಕ್ಕದಲ್ಲಿ ಯಾರೋ ಡೆವಲಪರ್ಸ್ ಎಂಬ ಬೋರ್ಡು. ಜಮೀನನ್ನು ಕತ್ತರಿಸಿ ಮನೆ ನಿವೇಶನ ಮಾಡಿ ಮಾರುವವನೇ ಡೆವಲಪರ್, ಅವನು ಮಾಡಿದ್ದೇ ಲೇಔಟ್, ಮಾರಿದ್ದೇ ಸೈಟ್. ನಂಜುಂಡೇಶ ಮಾರನೆಯ ದಿನವೇ ಪೇಂಟರನ್ನು ಕರೆಸಿ, ಅಂಗಡಿಯ ಮುಂದೆ ಆಳೆತ್ತರದ ಬೋರ್ಡು ಬರೆಸಿ ನಿಲ್ಲಿಸಿದ:

"ಡೆವಲಪರ್ ಬೇಕಾಗಿದ್ದಾರೆ. ಸೈಟ್ ಮತ್ತು ಲೇಔಟ್ ಮಾಡಲು ಅನುಭವಸ್ಥರು ಮಾತ್ರ. ಒಳಗೆ ವಿಚಾರಿಸಿ."

ಅನುಭವಸ್ಥರು ಬರಲು ತಡವಾಗಲಿಲ್ಲ. ಆ ವಾರವೇ ಹಾಸನದ ಚನ್ನಪ್ಪ ಬಿಳಿ ಕಾರಿನಲ್ಲಿ ಬಂದಿಳಿದ. ಬಿಳಿ ಷರಟು, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ಹಿಂದೆ ಅಳತೆ ಟೇಪು ಹಿಡಿದ ಒಬ್ಬ ಆಳು. ನಂಜುಂಡೇಶ ಬಾಡಿಗೆ ಕುರ್ಚಿಗಳಲ್ಲಿ ವರನಿಗೆಂದೇ ಇಟ್ಟಿದ್ದ ಸಿಂಹಾಸನವನ್ನು ಒರೆಸಿ ಕೊಟ್ಟ.

"ಎಷ್ಟಿದೆ?" ಎಂದ ಚನ್ನಪ್ಪ, ಪೀಠಿಕೆಯಿಲ್ಲದೆ.

"ಲೆಕ್ಕ ಸಿಕ್ಕಿದ್ರೆ ನಿಮ್ಮನ್ಯಾಕೆ ಕರೀತಿದ್ದೆ ಸಾ? ಎಲ್ಲಾ ಕಡೆ ಅರಡ್ಕೊಂಡೈತೆ. ಅರಕಲಗೂಡಲ್ಲೈತೆ, ದುದ್ದದಲ್ಲೈತೆ, ಸಾಲಗಾಮೆ ಕಡೀಕೂ ಒಂದಷ್ಟೋಗೈತೆ."

ಚನ್ನಪ್ಪ ಸಿಂಹಾಸನವನ್ನು ಹತ್ತಿರಕ್ಕೆ ಎಳೆದುಕೊಂಡ. "ದಾಖಲೆ?"

"ದಾಖಲೆ ಎಲ್ಲಿಂದ ಬತ್ತದೆ ಸಾ. ಎಲ್ಲಾ ಬಾಯ್ಮಾತು. ನಂಬ್ಕೆ ಮ್ಯಾಲೆ ಕೊಟ್ಟಿರೋದು."

"ಅಂದ್ರೆ ಬೇರೆಯೋರ ಸ್ವಾಧೀನದಲ್ಲಿದೆ."

"ಅದೇ ತಾಪತ್ರಯ. ತಗೊಂಡೋದೋರು ಸಲೀಸಾಗಿ ಬುಟ್ಕೊಡಾಕಿಲ್ಲ. ನಮ್ದೇ ಅನ್ನೋ ಅಂಗೆ ಮಡೀಕ್ಕಂಡಿರ್ತಾರೆ."

"ಅದಕ್ಕೆ ನಮ್ಮ ಹತ್ರ ಜನ ಇದಾರೆ. ಒಳ್ಳೆ ಮಾತಲ್ಲೇ ಬಿಡಿಸ್ಕೊಡ್ತಾರೆ. ಮೊದಲು ರಸ್ತೆ ಪಕ್ಕದ್ದು ಹೇಳಿ."

"ರಸ್ತೆ ಪಕ್ಕ ಅಂದ್ರೆ ಅಳ್ಳಿಮೈಸೂರು ಸಾ. ನಮ್ಮಕ್ಕನ ತಾವ ಐತೆ. ಎಲ್ಲಾಕಿಂತ ದೊಡ್ಡದು ಅದೇಯ. ಅಪ್ಪನ ಕಾಲದ್ದು."

ನಂಜುಂಡೇಶ ಹೇಳುತ್ತಿದ್ದುದು ಒಂದು ತಾಮ್ರದ ಹಂಡೆಯ ಮಾತು. ಅವನ ಅಕ್ಕ ಮಲ್ಲಿಗಮ್ಮನ ಮದುವೆಗೆ ಅಪ್ಪ ಬಳುವಳಿಯಾಗಿ ಕೊಟ್ಟ ಹಂಡೆ ಅದು. ಗಂಡನ ಮನೆಯ ಒಲೆಗೆ ಅದು ದೊಡ್ಡದಾಯಿತೆಂದು ಅವಳೇ ತವರಿನಲ್ಲಿ ಬಿಟ್ಟು ಹೋಗಿದ್ದಳು. ಬೀದಿಯವರೆಲ್ಲ ಎರವಲು ಕೇಳಿ ಕೇಳಿ, ಒಂದು ದಿನ ಅವಳೇ "ಬಾಡ್ಗೇಗೆ ಕೊಡ್ಲಾ" ಎಂದು ತಮ್ಮನಿಗೆ ಹೇಳಿ, ಅಲ್ಲಿಂದ ಅವನ ವ್ಯಾಪಾರ ಶುರುವಾಗಿತ್ತು. ಹೋದ ವರ್ಷ ತನ್ನ ಮನೆಯ ಒಂದು ಕಾರ್ಯಕ್ಕೆ ತರಿಸಿಕೊಂಡವಳು ಇನ್ನೂ ಹಿಂದಕ್ಕೆ ಕಳಿಸಿರಲಿಲ್ಲ. ಆದರೆ ಹಳ್ಳಿಮೈಸೂರಿನ ರಸ್ತೆ ಪಕ್ಕದಲ್ಲಿ ಅಪ್ಪನ ಕಾಲದ್ದು ಇನ್ನೊಂದೂ ಇತ್ತು: ಎರಡು ಎಕರೆ ರಾಗಿ ಹೊಲ. ಅಕ್ಕನ ಗಂಡ ಮರಿಯಣ್ಣನ ಹೊಲಕ್ಕೆ ಅಂಟಿಕೊಂಡಂತೆ ಇದ್ದುದರಿಂದ, ಅಪ್ಪ ಸತ್ತ ಮೇಲೆ ಅಕ್ಕನೇ ಅದನ್ನು ಉಳುತ್ತಿದ್ದಳು. ನಂಜುಂಡೇಶ ಆ ಹೊಲದ ಸುದ್ದಿಯನ್ನು ಎಂದೂ ಎತ್ತಿದವನಲ್ಲ.

"ಅಕ್ಕ ಬಿಟ್ಕೊಡ್ತಾರಾ?" ಚನ್ನಪ್ಪ ಕೇಳಿದ.

"ಬಾಯ್ಬುಟ್ಟು ಕೇಳಾಕೆ ಸಂಕೋಚ ಸಾ. ಒಡಹುಟ್ಟಿದೋಳು. ನೀವೇ ಜೋಡ್ಸಿಬುಟ್ರೆ ಜಗಳ ಇಲ್ದಂಗೆ ಮುಗೀತದೆ."

"ಮುಗಿಸೋಣ. ಅಕ್ಕನ ಸಹಿ ಒಂದು ಬೇಕಾಗುತ್ತೆ. ಈ ಕಾಲದಲ್ಲಿ ಹೆಣ್ಣುಮಕ್ಕಳ ಸಹಿ ಇಲ್ದೆ ಏನೂ ನಡೆಯಲ್ಲ."

ಕಂಪ್ಯೂಟರ್ ಕಾಲದಲ್ಲಿ ಹಂಡೆ ಕೊಟ್ಟಿದ್ದಕ್ಕೂ ತಗೊಂಡಿದ್ದಕ್ಕೂ ಸಹಿ ಬೇಕಾಗಬಹುದೆಂದು ನಂಜುಂಡೇಶ ತಲೆದೂಗಿದ.

"ಎಷ್ಟು ಸೈಟ್ ಮಾಡೋಣ?"

"ಒಂದ್ ಸಾಕು ಸಾ."

ಚನ್ನಪ್ಪ ಅವನನ್ನು ದಿಟ್ಟಿಸಿದ. "ಒಂದೇನಾ?"

"ಒಂದೇ ಆಗ್ಲಿ, ದೊಡ್ಡದಾಗಿರ್ಲಿ. ಅಮೆರಿಕದಲ್ಲಿರೋರ್ಗೂ ಕಾಣ್ಬೇಕಂತೆ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಎಳೆದು, ಬಂಡಿ ಮುಂದಕ್ಕೆ ಹೋಯಿತೆಂದು ಸಂತೋಷಪಟ್ಟು, ಕೈಕುಲುಕಿ ಬೀಳ್ಕೊಂಡರು. ಈ ಆಸಾಮಿ ಅಮೆರಿಕದ ಗಿರಾಕಿಗಳನ್ನು ಇಟ್ಟುಕೊಂಡು ಸಣ್ಣ ಅಂಗಡಿಯಲ್ಲಿ ಕುಳಿತಿದ್ದಾನೆ, ಆಳ ಕಾಣದ ಮನುಷ್ಯ ಎಂದು ಚನ್ನಪ್ಪ ಕಾರಿನಲ್ಲಿ ಆಳಿಗೆ ಹೇಳಿದನಂತೆ.

ಈ ಮಾತುಕತೆಯನ್ನು ನಾರುಬೇರು ಮಾರುವ ಪಕ್ಕದ ಗ್ರಂಥಿಗೆ ಅಂಗಡಿಯ ಪಂಚಾಕ್ಷರಯ್ಯ, ಅಳಲೆಕಾಯಿ ತೂಗುತ್ತಿದ್ದವರು, ತಕ್ಕಡಿಯನ್ನು ಹಾಗೆಯೇ ಹಿಡಿದು ಕೇಳಿಸಿಕೊಂಡಿದ್ದರು. ಸಂಜೆ ಅವರು ಒಂದು ಪೊಟ್ಟಣ ಕಲ್ಲುಸಕ್ಕರೆಯೊಂದಿಗೆ ಬಂದರು.

"ನಂಜುಂಡೇಶಪ್ಪ, ನೆರೆಹೊರೆಯೋರನ್ನ ಮರೀಬ್ಯಾಡ. ಮೂಲೆ ಸೈಟ್ ಒಂದು ನಮಗಿರ್ಲಿ. ಪೂರ್ವಕ್ಕೆ ಬಾಗ್ಲು ಬಂದ್ರೆ ಇನ್ನೂ ವಾಸಿ."

ನೆರೆಯ ಅಂಗಡಿಗಳ ಜಾಹೀರಾತನ್ನೂ ಸೈಟಿನ ಮೂಲೆಯಲ್ಲಿ ಹಾಕಬಹುದೆಂದು ಪ್ರದ್ಯುಮ್ನ ಹೇಳಿದ್ದ. ಪೂರ್ವದ ಬಾಗಿಲು ಯಾಕೆಂದು ನಂಜುಂಡೇಶನಿಗೆ ತಿಳಿಯದಿದ್ದರೂ ಹಿರಿಯರ ವಾಸ್ತುವಿನ ನಂಬಿಕೆ ಇರಬೇಕೆಂದುಕೊಂಡ. "ಅದಕ್ಕೇನ್ ಯಜಮಾನ್ರೆ, ಮೂಲೆ ನಿಮ್ದೇಯ. ದುಡ್ಡುಗಿಡ್ಡು ಏನೂ ಬ್ಯಾಡ."

ಪಂಚಾಕ್ಷರಯ್ಯನವರ ಕಣ್ಣಲ್ಲಿ ನೀರು ಬಂತು. ಮಾತು ಹೊರಡಲಿಲ್ಲ. ಹೊರಟಾಗ ಅದು ಪೂರಾ ಪೇಟೆಗೆ ಕೇಳಿಸಿತು. ಅಂದಿನಿಂದ ನಂಜುಂಡೇಶ ಹೋಟೆಲಿಗೆ ಹೋದರೆ ಕಾಫಿ ತಾನಾಗಿ ಬರುತ್ತಿತ್ತು, ಕ್ಷೌರಕ್ಕೆ ಹೋದರೆ ಸರದಿ ತಪ್ಪಿಸಿ ಕೂರಿಸುತ್ತಿದ್ದರು. ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರು ಸೈಕಲ್ ನಿಲ್ಲಿಸಿ, "ಕನ್ವರ್ಷನ್ ಆಗಿದೆಯೇನ್ರೀ?" ಎಂದು ಗಂಭೀರವಾಗಿ ಕೇಳಿದರು. ಹಳೆಯ ಪದ್ಧತಿಯಿಂದ ಕಂಪ್ಯೂಟರಿಗೆ ಬದಲಾಯಿಸುವ ಮಾತಿರಬೇಕೆಂದು ನಂಜುಂಡೇಶ, "ಡೆವಲಪರೇ ಮಾಡ್ಕೋತಾನಂತೆ ಸಾ, ಒಂದೇ ಏಟ್ಗೆ" ಎಂದ. ಹೊಲವನ್ನು ನಿವೇಶನಕ್ಕೆ ಪರಿವರ್ತಿಸುವ ಆ ಕನ್ವರ್ಷನ್ನನ್ನು ಕಚೇರಿಯಲ್ಲಿ ಒಂದು ಏಟಿಗೆ ಮಾಡಿಸುವ ಮನುಷ್ಯ ಎಷ್ಟು ಮೇಲಿನವನಿರಬೇಕೆಂದು ಗುಮಾಸ್ತರು ಸೈಕಲ್ ಹತ್ತುವುದನ್ನೂ ಮರೆತು ತಳ್ಳಿಕೊಂಡೇ ಹೋದರು.

ಹೆಂಡತಿ ಪುಟ್ಟಲಕ್ಷ್ಮಮ್ಮನಿಗೆ ಸುದ್ದಿ ತಲುಪಿದ್ದು ನಲ್ಲಿಯ ಹತ್ತಿರ. ತನಗೆ ಹೇಳದೆ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದನಲ್ಲ ಎಂದು ಅವಳಿಗೆ ಸಂಕಟವಾಯಿತು. ಊಟಕ್ಕೆ ಬಡಿಸುತ್ತ ಕೇಳಿದಳು.

"ಆಗಿದ್ದಾಯ್ತು. ಅತ್ತಿಗೆಗೆ ಒಂದು ಸೈಟಾದ್ರೂ ಬುಡ್ತೀರೋ ಇಲ್ವೋ?"

"ಅಕ್ಕನಿಗ್ಯಾಕೆ ಸೈಟು? ತಕ್ಕೊಂಡು ಏನ್ ಮಾಡ್ತಾಳೆ? ಅವಳಿಗೆ ನೋಡಾಕೂ ಬರಾಕಿಲ್ಲ" ಎಂದು ನಂಜುಂಡೇಶ ಮುದ್ದೆ ಮುರಿದ.

ಪುಟ್ಟಲಕ್ಷ್ಮಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಹದಿನೈದು ವರ್ಷ ಬಾಳಿದ ಗಂಡ ಇಷ್ಟು ಕಲ್ಲುಮನಸ್ಸಿನವನೆಂದು ಅವಳಿಗೆ ಗೊತ್ತಿರಲಿಲ್ಲ. ಅಂದಿನಿಂದ ಸಾರಿಗೆ ಒಗ್ಗರಣೆ ಬೀಳುವುದು ನಿಂತಿತು. ನಂಜುಂಡೇಶ ಎಣ್ಣೆಯ ಬೆಲೆ ಏರಿರಬೇಕೆಂದುಕೊಂಡ.

ಗೌರಿ ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಹಳ್ಳಿಮೈಸೂರಿನ ಕಡೆಯ ಬಸ್ಸು ಅಂಗಡಿಯ ಮುಂದೆಯೇ ನಿಂತು, ಟಾಪಿನ ಮೇಲಿಂದ ತಾಮ್ರದ ಹಂಡೆಯನ್ನು ಇಳಿಸಿತು. ಹುಣಸೆಹಣ್ಣು ಹಚ್ಚಿ ಬೆಳಗಿದ ಹಂಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. "ನಿಮ್ಮಕ್ಕ ಕಳ್ಸವ್ರೆ. ಅವನ್ದು ಅವನ್ಗೆ ಸೇರ್ಲಿ ಅಂದ್ರು" ಎಂದು ಕಂಡಕ್ಟರ್ ಸೀಟಿ ಊದಿದ.

ನಂಜುಂಡೇಶ ಬೀದಿಯಲ್ಲೇ ಹಂಡೆಯನ್ನು ತಟ್ಟಿ ನಕ್ಕ. "ನೋಡ್ದಾ, ಒಬ್ಬ ಒಳ್ಳೆ ಡೆವಲಪರ್ ಬಂದೋಗಿದ್ದಕ್ಕೆ ಕೇಳ್ದಲೇ ವಾಪಸ್ ಬಂತು."

ಪುಟ್ಟಲಕ್ಷ್ಮಮ್ಮ ಹಂಡೆಯೊಳಗೆ ಬಗ್ಗಿ ನೋಡಿ, ಕೈ ಹಾಕಿ ತಳವನ್ನು ಸವರಿದಳು. ನಮ್ಮ ಕಡೆ ನೆಂಟರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಹಿಡಿ ರಾಗಿಯೋ ಒಂದು ಅಚ್ಚು ಬೆಲ್ಲವೋ ಏನೂ ಇಲ್ಲದಿದ್ದರೆ ಒಂದು ವೀಳ್ಯದೆಲೆಯೋ ಒಳಗಿರಲೇಬೇಕು. ಹಂಡೆಯಲ್ಲಿ ಏನೂ ಇರಲಿಲ್ಲ. ಅವಳು ಕೈ ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಪ್ರದ್ಯುಮ್ನ ಕಳಿಸಿದ ಹುಡುಗಿಯೊಬ್ಬಳು ಬಂದಳು. ಹೆಸರು ಇಂಚರ. ಅವನ ಹತ್ತಿರವೇ ಕಲಿತು ಈಗ ಹಾಸನದ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದವಳು. ಅವಳು ಅಂಗಡಿಯ ಮುಂದೆ ಬೋರ್ಡು ಓದುತ್ತ ನಿಂತಾಗ ಪಂಚಾಕ್ಷರಯ್ಯನವರು, "ಮೂಲೆದು ಬುಕ್ ಆಗೋಗೈತೆ ಕಣಮ್ಮ" ಎಂದು ಎಚ್ಚರಿಸಿದರು.

ಚನ್ನಪ್ಪ ಬಂದ ಕೂಡಲೇ ಎಷ್ಟಿದೆ ಎಂದು ಕೇಳಿದ್ದ. ಇಂಚರ ಹಾಗೆ ಕೇಳಲಿಲ್ಲ. ಒಂದು ಕುರ್ಚಿ ಎಳೆದುಕೊಂಡು, "ಒಂದು ತಪ್ಪಲೆ ಹೊರಗೆ ಹೋಗೋದ್ರಿಂದ ವಾಪಸ್ ಬರೋ ತನಕ ಏನೇನಾಗುತ್ತೆ, ನಿಧಾನವಾಗಿ ಹೇಳಿ ಸಾರ್" ಎಂದಳು. ನಂಜುಂಡೇಶನಿಗೆ ಜೀವಮಾನದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವನು ಊಟದ ಹೊತ್ತಿನವರೆಗೂ ಹೇಳಿದ. ಅವಳು ಕೇಳಿದಳು.

"ಪ್ರತಿ ಪಾತ್ರೆಗೂ ನನಗೆ ಎರಡು ವಿಷಯ ಬೇಕು. ಯಾರದ್ದು, ಈಗ ಯಾರ ಹತ್ರ ಇದೆ."

"ಎಲ್ಡೂ ಒಂದೇ ಅಲ್ವಾ ತಾಯಿ?"

"ಒಂದೇ ಅಲ್ಲ ಸಾರ್. ಈ ಹಂಡೆ ಯಾರದ್ದು?"

"ನಮ್ದೇಯ." ಅಂದವನು ತಡೆದ. "ಅಲ್ಲ, ಅಕ್ಕಂದು. ಬಳುವಳೀದು. ನಮ್ ತಾವ ಐತೆ ಅಷ್ಟೆ."

"ಅವರದ್ದೇ ಆದ್ರೆ ವಾಪಸ್ ಯಾಕೆ ಕಳಿಸಿದ್ರು?"

ಉತ್ತರ ತಲೆಯಲ್ಲೇ ಎಲ್ಲೋ ಇರಬೇಕೆಂದು ನಂಜುಂಡೇಶ ಹಣೆ ತಟ್ಟಿಕೊಂಡು ನೋಡಿದ. ಅವಳು ಮಾತು ಬದಲಾಯಿಸಲು, "ನನಗಿಂತ ಮುಂಚೆ ಯಾರಾದ್ರೂ ಡೆವಲಪರ್ ಬಂದಿದ್ರಾ?" ಎಂದು ಕೇಳಿದಳು.

"ಬಂದಿದ್ರು. ಭಾರಿ ಅನುಭವಸ್ಥರು. ಟೇಪೂ ತಂದಿದ್ರು."

"ಟೇಪಾ? ಸಾಫ್ಟ್‌ವೇರ್ ಮಾಡೋಕೆ ಟೇಪ್ ಬೇಕಾಗಲ್ಲ ಸಾರ್." ಇಂಚರ ಎದ್ದು ಹೊರಗೆ ಹೋಗಿ ಬೋರ್ಡನ್ನು ಇನ್ನೊಮ್ಮೆ ಓದಿ ಬಂದಳು. ಅವಳಿಗೆ ನಗು ಬಂದಿತ್ತು, ಅವನ ಮುಖ ನೋಡಿ ನಗಲಿಲ್ಲ. "ನಿಮ್ಮದೇನಾದ್ರೂ ಜಮೀನಿದೆಯಾ?"

ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪುಟ್ಟಲಕ್ಷ್ಮಮ್ಮ ಆಗ ಬಾಯಿಬಿಟ್ಟಳು. ನಲ್ಲಿಯ ಹತ್ತಿರ ಕೇಳಿದ್ದು, ನಂಜುಂಡೇಶನ ಹೆಸರು ಹೇಳಿ ಅಕ್ಕನ ಹೊಲಕ್ಕೆ ಟೇಪು ಹಿಡಿದು ಸುಣ್ಣದ ಗೆರೆ ಎಳೆದು ಹೋದವರ ಸುದ್ದಿ, ಅತ್ತಿಗೆಗೊಂದು ಸೈಟು ಎಂದಾಗ ಅವನು ಹೇಳಿದ ಮಾತು, ಬರಿದಾಗಿ ಬಂದ ಹಂಡೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಂಜುಂಡೇಶ ವರನ ಸಿಂಹಾಸನದ ಮೇಲೆ ಕುಸಿದು ಕುಳಿತ. ಕಮಾನು ಅದಲುಬದಲಾದಾಗ ಅವನಿಗೆ ನಾಚಿಕೆಯಾಗಿತ್ತು. ಈಗ ಆದದ್ದು ಭಯ. ಅಮ್ಮ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳ ಬಾಗಿಲು ತನಗೆ ಮುಚ್ಚಿದರೆ ಹೊಳೆನರಸೀಪುರದ ಎಲ್ಲ ಬಾಗಿಲಿಗೂ ಕಮಾನು ಕಟ್ಟಿ ಪ್ರಯೋಜನವೇನು ಎಂದು ಅವನಿಗೆ ಅನಿಸಿತು.

ಅವನು ಎದ್ದು ಚನ್ನಪ್ಪನಿಗೆ ಫೋನು ಮಾಡಿದ. ತಾನು ಹೇಳಿದ್ದೆಲ್ಲ ಬಾಡಿಗೆ ಪಾತ್ರೆಗಳ ಮಾತೆಂದು ಬಿಡಿಸಿ ಹೇಳಿದ. ಆ ಕಡೆಯಿಂದ, "ಪಾತ್ರೆನಾ?" ಎಂದು ಒಂದೇ ಮಾತು ಬಂತು. ಹಿಂದೆಯೇ, "ಆಯ್ತು ಬಿಡಿ. ಮುಂದಿನ ತಿಂಗಳು ನಮ್ಮದೊಂದು ಲೇಔಟ್ ಪೂಜೆ ಇದೆ, ಶಾಮಿಯಾನ ಸಿಗುತ್ತಾ?" ಎಂದ. ವ್ಯಾಪಾರಸ್ಥ ಎಂದರೆ ಅವನು.

ಗೌರಿ ಹಬ್ಬದ ದಿನ ಗಂಡಹೆಂಡಿರು ಆಟೋ ಮಾಡಿಕೊಂಡು, ಕಾಲ ಬಳಿ ಹಂಡೆ, ತೊಡೆಯ ಮೇಲೆ ಮೊರದ ಬಾಗಿನ ಇಟ್ಟುಕೊಂಡು ಹಳ್ಳಿಮೈಸೂರಿಗೆ ಹೋದರು. ರಸ್ತೆ ಪಕ್ಕದ ಹೊಲದಲ್ಲಿ ಗೇಣುದ್ದದ ರಾಗಿ ಪೈರಿನ ನಡುವೆ ಬಿಳಿ ಗೆರೆಗಳು ಅಡ್ಡಡ್ಡ ಹೋಗಿದ್ದವು. ಮೂಲೆಯಲ್ಲಿ ಒಂದು ಕಡೆ ಮಾತ್ರ ಯಾರೋ ಬೆರಳಿನಿಂದ ಸುಣ್ಣವನ್ನು ತೆಗೆದು ಪೈರನ್ನು ಎತ್ತಿ ನಿಲ್ಲಿಸಿದ ಹಾಗಿತ್ತು. ನಂಜುಂಡೇಶ ಆ ಕಡೆ ಇನ್ನೊಮ್ಮೆ ನೋಡಲಿಲ್ಲ.

ಜಗುಲಿಯ ಮೇಲೆ ಭಾವ ಮರಿಯಣ್ಣ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಬಾಯಿ ತುಂಬಿದ್ದು ಅವನಿಗೆ ಅನುಕೂಲವಾಗಿತ್ತು. ಮಲ್ಲಿಗಮ್ಮ ಒಳಗಿನಿಂದ ಬಂದಳು. ಪುಟ್ಟಲಕ್ಷ್ಮಮ್ಮ ಬಾಗಿನ ಮುಂದೆ ಹಿಡಿದಳು. ಸೆರಗು ಮುಂದೆ ತಂದು ಬಾಗಿನ ಹಿಡಿಯಬೇಕಾದ ಮಲ್ಲಿಗಮ್ಮನ ಕೈ ಸೆರಗಿಗೆ ಹೋಗಲಿಲ್ಲ.

"ಬಾಗಿನ ತವರಿಂದು. ತವರ್ನೇ ಸೈಟ್ ಮಾಡಿ ಮಾರ್ದ ಮ್ಯಾಲೆ ಬಾಗಿನ ಎಲ್ಲಿಂದ ಬತ್ತದಪ್ಪ? ಎಲ್ಲಿ ಕಾಗ್ದ? ಅದ ತೆಗಿ ಮೊದ್ಲು."

"ಕಾಗ್ದ ಯಾವ್ದೂ ಇಲ್ಲ ಕಣಕ್ಕ."

"ಸೈನ್ ಮಾಡಾದು ಕಲ್ತಿವ್ನಿ ಕಣ್ಲಾ. ಈ ಊರಲ್ಲಿ ಅಣ್ಣತಮ್ಮಂದ್ರು ಎಲ್ಲಾರೂ ಅಕ್ಕತಂಗೀರ್ನ ಕರ್ಕೊಂಡೋಗಿ ಅರಿಸಿನ ಕುಂಕುಮಕ್ಕೆ ಅಂತ ಸೀರೆ ಕೊಟ್ಟು, ಅಕ್ಕು ಬುಟ್ಟೆ ಅಂತ ಎಬ್ಬೆಟ್ಟು ಒತ್ತಿಸ್ಕೊಂಡ್ರು. ನಂಗೂ ಒಂದಿನ ಬತ್ತದೆ ಅಂತ ಗೊತ್ತಿತ್ತು. ಬಂದ ದಿನ ಎಬ್ಬೆಟ್ಟು ಒತ್ತಿ ಮಾನ ಕಳ್ಕೋಬಾರ್ದು ಅಂತ ಅಂಗನವಾಡಿ ಟೀಚರಮ್ಮನ ತಾವ ಕಲ್ತೆ. ತಗಿ."

ನಂಜುಂಡೇಶ ನಿಂತಲ್ಲೇ ಎಲ್ಲವನ್ನೂ ಹೇಳಿದ. ಕಮಾನಿನಿಂದ ಶುರುಮಾಡಿ ಟೇಪಿನವರೆಗೆ, ನಡುನಡುವೆ ಹಿಂದೆ ಮುಂದೆ ಮಾಡಿ, ಪಂಚಾಕ್ಷರಯ್ಯನವರ ಪೂರ್ವದ ಬಾಗಿಲನ್ನೂ ಬಿಡದೆ ಹೇಳಿದ. ಹಂಡೆಯ ಮಾತು ಬಂದಾಗ ಮರಿಯಣ್ಣ ನಗು ತಡೆಯಲಾರದೆ ಎದ್ದು ಹೋಗಿ ತಿಪ್ಪೆಯ ಹತ್ತಿರ ಉಗುಳಿ ಬಂದ. ಮಲ್ಲಿಗಮ್ಮ ನಗಲಿಲ್ಲ.

"ಪಾತ್ರೆ ಇಚಾರ್ವೇ ಆಗಿರ್ಲಿ" ಎಂದಳು. "ಅವ್ರು ಬಂದು ಟೇಪ್ ಎಳ್ದಾಗ ಯಾರನ್ ಕೇಳಿ ಬಂದ್ರಿ ಅಂತ ನಾನು ಕೇಳ್ಬೇಕಾಗಿತ್ತು. ಬಾಯೇ ಬರ್ಲಿಲ್ಲ ಕಣ್ಲಾ. ಇಷ್ಟ್ ವರ್ಸ ಗೇದಿವ್ನಿ, ಇದು ನಂದು ಅನ್ನಾಕೆ ನನ್ ತಾವ ಒಂದ್ ಮಾತು ಇರ್ಲಿಲ್ಲ."

"ಅದು ನಿಂದೇ ಅಲ್ವೇನಕ್ಕ. ಅಪ್ಪ ಸತ್ತಾಗ್ಲಿಂದ್ಲೂ ನನ್ ತಲೇಲಿ ಅಂಗೇ ಐತೆ."

"ನಿನ್ ತಲೇಲಿರಾದು ನಂಗೆಂಗ್ಲಾ ಕಾಣ್ತದೆ?"

ನಂಜುಂಡೇಶನ ಕೈ ಅಭ್ಯಾಸಬಲದಿಂದ ಹಣೆಗೆ ಹೋಗಿತ್ತು. ಅದನ್ನು ಕೆಳಗಿಳಿಸಿದ. ಇಷ್ಟು ವರ್ಷ ತಾನು ಹೊಲದ ಮಾತೆತ್ತದೆ ಇದ್ದದ್ದು ದೊಡ್ಡತನವೆಂದು ತಿಳಿದಿದ್ದ. ಅಕ್ಕ ಅದೇ ಮೌನವನ್ನು ಕೇಳುತ್ತ, ಇಂದು ಬರುತ್ತಾನೋ ನಾಳೆ ಬರುತ್ತಾನೋ ಎಂದು ಹೆದರಿಕೊಂಡೇ ರಾಗಿ ಬಿತ್ತಿದ್ದಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ಇದ್ದದ್ದರಿಂದಲೂ ಎಷ್ಟೋ ಹೋಗುತ್ತದೆ. ಅವನು ಅಕ್ಕನ ಮುಂದೆ ನೆಲದ ಮೇಲೆ ಕುಳಿತು ಅತ್ತ. ನಾಚಿಕೆಯನ್ನು ಬಿಟ್ಟು ಅತ್ತ.

"ಅಬ್ಬದ ದಿವ್ಸ ಅಳ್ಬ್ಯಾಡ, ಎದ್ದೇಳ್ಲಾ ಮ್ಯಾಕೆ" ಎಂದು ಮಲ್ಲಿಗಮ್ಮ ಗದರಿದಳು. ಅವಳ ದನಿಯೂ ನೆಟ್ಟಗಿರಲಿಲ್ಲ. ಪುಟ್ಟಲಕ್ಷ್ಮಮ್ಮ, "ಕೈ ಸೋಲ್ತಾ ಐತೆ ಅತ್ತಿಗೆ, ಸೆರಗು ಒಡ್ರಿ" ಎಂದಾಗ ಅವಳು ಸೆರಗನ್ನು ಮುಂದಕ್ಕೆ ತಂದು ಮೊರವನ್ನು ಹಿಡಿದಳು. ಹೊರಡುವಾಗ ಹಂಡೆಯನ್ನು ಮತ್ತೆ ಆಟೋಗೆ ಹೊರಿಸಿದಳು. "ಮದ್ವೆ ಕಾಲ ಬತ್ತದೆ, ನಿಂಗೇ ಬೇಕಾಯ್ತದೆ" ಎಂದಳು. ಊರು ದಾಟಿದ ಮೇಲೆ ಪುಟ್ಟಲಕ್ಷ್ಮಮ್ಮ ಮುಚ್ಚಳ ಎತ್ತಿ ನೋಡಿದಳು. ಹಂಡೆಯ ಅರ್ಧದವರೆಗೆ ರಾಗಿ ಇತ್ತು. ಅಂದು ರಾತ್ರಿ ಸಾರಿಗೆ ಒಗ್ಗರಣೆ ಬಿತ್ತು.

ಇಂಚರ ಸಾಫ್ಟ್‌ವೇರ್ ಮಾಡಿಕೊಟ್ಟಳು. ಅದರಲ್ಲಿ ಮೊದಲು ಏರಿಸಿದ್ದು ಹಂಡೆ. ಯಾರದ್ದು ಎಂಬಲ್ಲಿ ಮಲ್ಲಿಗಮ್ಮ, ಯಾರ ಹತ್ತಿರ ಇದೆ ಎಂಬಲ್ಲಿ ನಂಜುಂಡೇಶ. ಪಂಚಾಕ್ಷರಯ್ಯನವರಿಗೆ ಸೈಟಿನ ಮೂಲೆಯಲ್ಲಿ ಕಷಾಯದ ಪುಡಿಯ ಚಿತ್ರ ಸಿಕ್ಕಿತು. ಅವರು ಅದನ್ನು ಬಹಳ ಹೊತ್ತು ನೋಡಿ, ಮುಖ ಯಾವ ದಿಕ್ಕಿಗಿದೆ ಎಂದು ಮಾತ್ರ ಕೇಳಿದರು.

ಖಾತೆಯ ಓಡಾಟವೆಲ್ಲ ಮುಗಿದು ನಂಜುಂಡೇಶ ಹೊಲವನ್ನು ಅಕ್ಕನ ಹೆಸರಿಗೆ ಬರೆದುಕೊಡುವ ದಿನ ಬಂತು. ನೋಂದಣಿ ಕಚೇರಿಯ ಹೊರಗೆ ಕುಳಿತ ಪತ್ರ ಬರೆಯುವವರು, ಅಕ್ಕ ತಮ್ಮ ಎಂದು ಕೇಳಿದ್ದೇ ತಡ, ಅಕ್ಕ ತಮ್ಮನಿಗೆ ಹಕ್ಕು ಬಿಟ್ಟುಕೊಟ್ಟಳೆಂದು ಕಣ್ಣುಮುಚ್ಚಿ ಬರೆದುಬಿಟ್ಟರು. ನಂಜುಂಡೇಶ ತಿದ್ದಿಸಿದ. ರೂಢಿಯ ಕೈ, ಅವರು ಎರಡನೆಯ ಸಲವೂ ಹಾಗೆಯೇ ಬರೆದರು. ಮೂರನೆಯ ಸಲ ಸರಿಯಾದ ಪತ್ರ ಒಳಗೆ ಸಬ್‌ರಿಜಿಸ್ಟ್ರಾರ್ ಸಾಹೇಬರ ಮುಂದೆ ಹೋದಾಗ ಅವರು ಕನ್ನಡಕ ತೆಗೆದರು.

"ಇದು ಉಲ್ಟಾ ಆಗಿದೆಯಲ್ರೀ. ಹೆಣ್ಣುಮಗಳು ಬಿಡಬೇಕು, ಗಂಡುಮಗ ತಗೋಬೇಕು."

ಸಾಕ್ಷಿಗೆಂದು ಬಂದಿದ್ದ ಪಂಚಾಕ್ಷರಯ್ಯನವರು ಆತ್ಮಸಾಕ್ಷಿಗೆ ಕಟ್ಟುಬಿದ್ದು ಮುಂದೆ ಬಂದರು. "ಸ್ವಾಮಿ, ಈತ ತಿಥಿ ಮನೆಗೆ ಮದುವೆ ಕಮಾನು ಕಳ್ಸಿದ ಆಸಾಮಿ. ಒಳ್ಳೆ ಮನುಷ್ಯ, ಆದ್ರೆ ಅದಲುಬದಲು ಮಾಡೋದು ಹುಟ್ಟುಗುಣ. ಯಾವುದಕ್ಕೂ ಇನ್ನೊಂದ್ಸಲ ಕೇಳಿ."

ಸಾಹೇಬರು ಕೇಳಿದರು. "ಯೋಚ್ನೆ ಮಾಡಿ ಹೇಳ್ರಿ. ಇದು ನಿಮ್ಮ ತಲೇಲಿ ಇರೋದೇನಾ?"

"ತಲೇಲಿದ್ದಿದ್ದು ಸಾ. ಈಗ ಕಾಗ್ದಕ್ಕೆ ಬಂದೈತೆ. ಈ ಕಿತ ಅದಲುಬದಲಾಗಿಲ್ಲ" ಎಂದು ನಂಜುಂಡೇಶ ತನ್ನ ಹೆಸರಿನ ಮುಂದೆ ಸಹಿ ಹಾಕಿದ.

ಆಮೇಲೆ ಮಲ್ಲಿಗಮ್ಮನ ಸರದಿ. ಹಳ್ಳಿಯ ಹೆಂಗಸೆಂದು ನೋಡಿ ಗುಮಾಸ್ತರು ಶಾಯಿಯ ಡಬ್ಬಿಯನ್ನು ಅವಳ ಕಡೆ ಸರಿಸಿದರು. ಅವಳು ಅದನ್ನು ಹಿಂದಕ್ಕೆ ಸರಿಸಿ ಪೆನ್ನು ತೆಗೆದುಕೊಂಡಳು. ಮಲ್ಲಿಗಮ್ಮ ಎಂದು ಒಂದೊಂದೇ ಅಕ್ಷರವನ್ನು ನಿಲ್ಲಿಸಿ ನಿಲ್ಲಿಸಿ ಬರೆದಳು. ಹಿಂದೆ ನಿಂತಿದ್ದವರು ಬೇಗ ಎಂದರು, ಅವಳು ಅವಸರ ಮಾಡಲಿಲ್ಲ. ಬಿಟ್ಟುಕೊಡುವ ದಿನಕ್ಕೆಂದು ಕಲಿತಿಟ್ಟುಕೊಂಡಿದ್ದ ಸಹಿಯನ್ನು ಅವಳು ತೆಗೆದುಕೊಳ್ಳುವುದಕ್ಕೆ ಹಾಕುತ್ತಿದ್ದಳು.